ಮೌನ ಸಮ್ಮತಿಯಲ್ಲ: ಕ್ಯಾಂಪಸ್ಸಿನಲ್ಲಿ ಒಂದು ಬಟ್ಟೆ ಹಗ್ಗ



‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಕೇಳದವರು ಈ ಸಭೆಯಲ್ಲಿ ಇರಲಾರರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆ ತಗ್ಗಿಸಿ ಕೂತರೆ ಸಾಕಿತ್ತು, ಹಿರಿಯರು ಅದನ್ನೇ ಒಪ್ಪಿಗೆ ಎಂದುಕೊಳ್ಳುತ್ತಿದ್ದರು. ನಮ್ಮ ಮಕ್ಕಳು ಓದುವ ಅಮೆರಿಕದ ಅನೇಕ ಕಾಲೇಜುಗಳಲ್ಲಿ ನಿಯಮ ಇದಕ್ಕೆ ತದ್ವಿರುದ್ಧ. ಕ್ಯಾಲಿಫೋರ್ನಿಯಾ 2014ರಲ್ಲಿ ತಂದ ಕಾನೂನಿನ ಪ್ರಕಾರ ಸುಮ್ಮನಿದ್ದರೆ ಒಪ್ಪಿದಂತಲ್ಲ, ಪ್ರತಿಭಟಿಸದಿದ್ದರೂ ಒಪ್ಪಿದಂತಲ್ಲ. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು.

ಇದನ್ನು ಮಕ್ಕಳಿಗೆ ಹೆಚ್ಚಾಗಿ ಆನ್‌ಲೈನ್ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಆಫೀಸಿನ ವಾರ್ಷಿಕ ತರಬೇತಿಯನ್ನು ನಾವು ‘ನೆಕ್ಸ್ಟ್, ನೆಕ್ಸ್ಟ್’ ಒತ್ತುತ್ತಾ ಹೇಗೆ ಮುಗಿಸುತ್ತೇವೆ ಎಂಬುದು ನಿಮಗೇ ಗೊತ್ತು. ಮಕ್ಕಳು ನಮಗಿಂತ ಬೇಗ ಒತ್ತುತ್ತಾರೆ, ಅಷ್ಟೇ ವ್ಯತ್ಯಾಸ.

ಕಲೆ ಇಲ್ಲಿ ಕೆಲಸಕ್ಕೆ ಬರುತ್ತದೆ. 1990ರಲ್ಲಿ ಮ್ಯಾಸಚೂಸೆಟ್ಸ್‌ನ ಹಯಾನಿಸ್ ಊರಿನ ಬಯಲಿನಲ್ಲಿ 31 ಅಂಗಿಗಳನ್ನು ಹಗ್ಗಕ್ಕೆ ತೂಗುಹಾಕಿದರು. ಪ್ರತಿಯೊಂದರ ಮೇಲೂ ದೌರ್ಜನ್ಯ ಅನುಭವಿಸಿದ ಹೆಣ್ಣೊಬ್ಬಳ ಮಾತು. ಬಟ್ಟೆ ಒಣಹಾಕುತ್ತಾ ಬೇಲಿಯಾಚೆಯವಳ ಜೊತೆ ಕಷ್ಟಸುಖ ಹಂಚಿಕೊಳ್ಳುವುದು ಅಲ್ಲಿಯೂ ಹೆಂಗಸರ ರೂಢಿ. ಅದಕ್ಕೇ ಹಗ್ಗವನ್ನು ಆರಿಸಿಕೊಂಡರು. ‘ಕ್ಲೋತ್ಸ್‌ಲೈನ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಇಂದು ಅನೇಕ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳೇ ಅಂಗಿಗೆ ಬಣ್ಣ ಬಳಿದು ತೂಗುಹಾಕುತ್ತಾರೆ.

ಇದು ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. 2003ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ ಓದುತ್ತಿದ್ದ ಜಸ್ಮೀನ್ ಪಾಥೇಜಾ ‘ಬ್ಲ್ಯಾಂಕ್ ನಾಯ್ಸ್’ ಆರಂಭಿಸಿದ್ದು ವಿದ್ಯಾರ್ಥಿ ಪ್ರಾಜೆಕ್ಟ್ ಆಗಿಯೇ. ಕಿರುಕುಳವಾದ ದಿನ ತೊಟ್ಟಿದ್ದ ಉಡುಪುಗಳನ್ನು ಹೆಂಗಸರಿಂದ ಅವರು ಸಂಗ್ರಹಿಸುತ್ತಾ ಬಂದರು. ‘ಅವಳು ಏನು ಹಾಕಿಕೊಂಡಿದ್ದಳು?’ ಎಂದು ಕೇಳುವವರಿಗೆ ಆ ಉಡುಪುಗಳೇ ಉತ್ತರ.

ಒಟ್ಟಾಗಿ ಮಾಡುವುದರಲ್ಲಿ ಏನು ವಿಶೇಷ? ಪೋಸ್ಟರನ್ನು ನೋಡಿಯೂ ನೋಡದಂತೆ ದಾಟಿಹೋಗಬಹುದು. ಕೈಯಲ್ಲಿ ಬ್ರಷ್ ಹಿಡಿದವರು ಏನು ಬರೆಯಲಿ ಎಂದು ಯೋಚಿಸಲೇಬೇಕು. ನೂರು ಅಂಗಿಗಳ ನಡುವೆ ಯಾವುದು ಯಾರದೆಂದು ತಿಳಿಯದು. ಬಾಯಿಬಿಟ್ಟು ಹೇಳಲಾಗದವರಿಗೂ ಅಲ್ಲಿ ಜಾಗವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕೆಲಸದ ಕ್ರಮವೇ ಪಾಠ. ಇನ್ನೊಬ್ಬರ ಚಿತ್ರಕ್ಕೆ ಕೈಹಾಕುವ ಮೊದಲು ಕೇಳಬೇಕು. ಫೋಟೋ ತೆಗೆಯುವ ಮೊದಲು ಕೇಳಬೇಕು. ನಿನ್ನೆ ಕೊಟ್ಟ ಅಂಗಿಯನ್ನು ಇಂದು ವಾಪಸ್ ಕೇಳಿದರೆ ಕಾರಣ ಕೇಳದೆ ಕೊಡಬೇಕು. ‘ಬೇಡ’ ಎಂಬ ಮಾತನ್ನು ಅವಮಾನ ಎಂದುಕೊಳ್ಳದೆ ಕೇಳಿಸಿಕೊಳ್ಳುವ ಅಭ್ಯಾಸ ಹೀಗೆ ಬರುತ್ತದೆ.

ಒಂದು ಎಚ್ಚರಿಕೆಯೂ ಬೇಕು. ಓದುತ್ತಾ ನಿಂತವರಲ್ಲಿ ಯಾರದೋ ಹಳೆಯ ಗಾಯ ಕೆದಕಿದಂತಾಗಬಹುದು. ಹತ್ತಿರದಲ್ಲಿ ಒಬ್ಬ ಆಪ್ತಸಮಾಲೋಚಕರು ಇರಲೇಬೇಕು.

ಇನ್ನು ನಮ್ಮ ಪಾಲಿನ ಕೆಲಸ. ಮಕ್ಕಳನ್ನು ಡಾರ್ಮಿಗೆ ಬಿಡುವಾಗ ರೈಸ್ ಕುಕ್ಕರ್, ಚಟ್ನಿಪುಡಿ ಎಲ್ಲ ಕಟ್ಟಿಕೊಡುತ್ತೇವೆ. ಮಗಳಿಗೆ ‘ಹುಷಾರಮ್ಮ’ ಎನ್ನುತ್ತೇವೆ. ಮಗನಿಗೆ ಏನು ಹೇಳುತ್ತೇವೆ? ಬಹಳ ಮನೆಗಳಲ್ಲಿ ಏನೂ ಇಲ್ಲ.

ಮುಂದಿನ ರಾಜ್ಯೋತ್ಸವದಂದು ರಂಗೋಲಿ ಸ್ಪರ್ಧೆಯ ಪಕ್ಕದಲ್ಲೇ ಒಂದು ಹಗ್ಗ ಕಟ್ಟೋಣ. ಬಿಳಿ ಅಂಗಿ, ಬಣ್ಣ ಇಟ್ಟು ಕಾಲೇಜಿನ ಮಕ್ಕಳ ಕೈಗೆ ಬಿಟ್ಟುಬಿಡೋಣ. ಅವರು ಬರೆದದ್ದನ್ನು ದೊಡ್ಡವರು ನಿಧಾನವಾಗಿ ಓದೋಣ. ಮನೆಗೆ ಹೋಗುವ ದಾರಿಯಲ್ಲಿ, ಕಾರಿನಲ್ಲಿ, ಮಗನ ಜೊತೆಗೂ ಮಾತು ಶುರುವಾಗಲಿ.