ಅಲೆ ದಿಲ್ಲಿಯದು, ಕಂಬ ಊರಿನದು
ಮನೆಯ ರೇಡಿಯೊ ಏರಿಯಲ್ ಹಾಗೂ ಸ್ಥಳೀಯ ನಿಯಮಗಳನ್ನು ಕುರಿತ ಉಪನ್ಯಾಸದ ಪಠ್ಯ



ಸಗರನಾಡಿನ ಶಹಾಪುರವು ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಸೀಮೆ. ಕರಿ ಎರೆಭೂಮಿಯ ಬಯಲಿನ ನಡುವೆ ಅಲ್ಲಿ ಕಗ್ಗಲ್ಲಿನ ಗುಡ್ಡಗಳು ಥಟ್ಟನೆ ಎದ್ದು ನಿಂತಿವೆ. ದೂರದಿಂದ ನೋಡುವವರಿಗೆ ಆ ಗುಡ್ಡಗಳ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ಆ ಗೆರೆಯ ಮೇಲೆ ಒಂದು ಕಬ್ಬಿಣದ ಗೋಪುರ ಎದ್ದರೆ ಕಣ್ಣಿಗೆ ಮುಳ್ಳು ಚುಚ್ಚಿದಂತಾಗುವುದು ಸಹಜ. ಆದುದರಿಂದ ಗುಡ್ಡದ ಸೆರಗಿನ ಊರುಗಳಲ್ಲಿ ಯಾರಾದರೂ ತಮ್ಮ ಮಾಳಿಗೆಯ ಮೇಲೆ ರೇಡಿಯೊ ಕಂಬ ನಿಲ್ಲಿಸುತ್ತೇನೆಂದರೆ ನೆರೆಯವರು ಸಂಶಯ ಪಡುತ್ತಾರೆ, ಪಂಚಾಯತಿಯು ಕಡತ ತೆರೆಯುತ್ತದೆ. ಸಂಶಯ ತಪ್ಪಲ್ಲ. ಆದರೆ ಆ ಸಂಶಯವು ಯಾವ ವಸ್ತುವಿನ ಮೇಲೆ, ಯಾವ ಕಾನೂನಿನ ಆಧಾರದಿಂದ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲು ಒಂದು ಗೊಂದಲವನ್ನು ಕಳೆಯಬೇಕು. ಇಲ್ಲಿ ಚರ್ಚಿಸುತ್ತಿರುವುದು ಮೊಬೈಲ್ ಗೋಪುರವನ್ನಲ್ಲ, ಹವ್ಯಾಸಿ ರೇಡಿಯೊ ಕೇಂದ್ರದ ಏರಿಯಲ್ಲನ್ನು. ಜನರು ಅದನ್ನು ಹ್ಯಾಮ್ ರೇಡಿಯೊ ಎಂದು ಕರೆಯುತ್ತಾರೆ. ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯಿಂದ ಪರವಾನಗಿ ಪಡೆದ ವ್ಯಕ್ತಿಯು ತನ್ನ ಮನೆಯಿಂದ ಮತ್ತೊಬ್ಬ ಪರವಾನಗಿದಾರನೊಡನೆ ಮಾತನಾಡುವ ವ್ಯವಸ್ಥೆ ಇದು. ಹನ್ನೆರಡು ವರ್ಷ ತುಂಬಿದ ಬಾಲಕ ಬಾಲಕಿಯರೂ ಪರೀಕ್ಷೆಗೆ ಕೂರಬಹುದು. ಹಣ ಪಡೆದು ಸಂದೇಶ ಸಾಗಿಸುವಂತಿಲ್ಲ; ಹಾಡು, ಸುದ್ದಿ, ಜಾಹೀರಾತು ಬಿತ್ತರಿಸುವಂತಿಲ್ಲ. ಯಂತ್ರ ದಿನವಿಡೀ ಅಲೆ ಬಿಡುತ್ತಿರುವುದಿಲ್ಲ. ಮಾತನಾಡುವ ಹೊತ್ತಿಗಷ್ಟೇ ಬಿಡುತ್ತದೆ.

ಕನ್ನಡ ನಾಡಿಗೆ ಮನೆಯ ರೇಡಿಯೊ ಹೊಸತೇನೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಾದ ವಿಠಲ ವಿಹಾರದಲ್ಲಿ 30 ವ್ಯಾಟ್ ಸಾಮರ್ಥ್ಯದ ಪ್ರೇಷಕವೊಂದನ್ನು ಇಟ್ಟು ಪ್ರಸಾರ ಆರಂಭಿಸಿದರು. ಇಂದು ಇಡೀ ದೇಶದ ಬಾನುಲಿಗೆ ಇರುವ ‘ಆಕಾಶವಾಣಿ’ ಎಂಬ ಹೆಸರು ಮೊದಲು ಸಲ್ಲುತ್ತಿದ್ದುದು ಆ ಮನೆಯ ಕೇಂದ್ರಕ್ಕೆ. ಊರಿನ ಮನೆಯೊಂದರಲ್ಲಿ ಹುಟ್ಟಿದ ಕೇಂದ್ರವನ್ನು ನಗರದ ಆಡಳಿತವು ಕಂಟಕವೆಂದು ತಿಳಿಯಲಿಲ್ಲ. ಮೈಸೂರು ಪುರಸಭೆಯು ಅದಕ್ಕೆ ನೆರವು ನೀಡಿತು. ಮುಂದೆ ಸಂಸ್ಥಾನವೇ ಅದನ್ನು ವಹಿಸಿಕೊಂಡಿತು. ಸ್ಥಳೀಯ ಸಂಸ್ಥೆ ಮತ್ತು ಮನೆಯ ರೇಡಿಯೊ ಇವುಗಳ ಸಂಬಂಧ ಹೇಗಿರಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಕೇಳುವ ರೇಡಿಯೊದ ಕಂಬಗಳನ್ನಂತೂ ಹಿರಿಯರು ಕಂಡೇ ಇದ್ದಾರೆ. ಎರಡು ಬಿದಿರು ಗಳ, ನಡುವೆ ತಾಮ್ರದ ಜಾಲರಿ, ಅದರಿಂದ ಕಿಟಕಿಯೊಳಕ್ಕೆ ಇಳಿದ ತಂತಿ. ಆಗ ಅಂಚೆ ಕಚೇರಿಯಲ್ಲಿ ರೇಡಿಯೊ ಪರವಾನಗಿಯ ಶುಲ್ಕ ಕಟ್ಟಬೇಕಿತ್ತು. 1980ರ ದಶಕದಲ್ಲಿ ಆ ಶುಲ್ಕ ರದ್ದಾಯಿತು. ಗಳ ನಿಲ್ಲಿಸಲು ಪಂಚಾಯತಿಯನ್ನು ಕೇಳಬೇಕೆಂದು ಆ ದಿನಗಳಲ್ಲಿ ಯಾರಿಗೂ ತೋಚಿರಲಾರದು.

ಇನ್ನು ಕಾನೂನಿನ ಮಾತು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ನಿಸ್ತಂತು ಸಂಪರ್ಕವು ಕೇಂದ್ರ ಪಟ್ಟಿಯ 31ನೆಯ ನಮೂದು. ಸ್ಥಳೀಯ ಆಡಳಿತವು ರಾಜ್ಯ ಪಟ್ಟಿಯ 5ನೆಯ ನಮೂದು, ಭೂಮಿಯು 18ನೆಯದು. ಎಂದರೆ ಅಲೆಯ ಒಡೆತನ ದಿಲ್ಲಿಯದು. ಅಲೆ ಹೊರಡುವ ಕಂಬ ನಿಂತ ನೆಲ ಊರಿನ ಆಡಳಿತಕ್ಕೆ ಸೇರಿದ್ದು. ಯಾವ ಕಂಪನಾಂಕ, ಎಷ್ಟು ವ್ಯಾಟ್, ಯಾರಿಗೆ ಪರವಾನಗಿ ಎಂಬುದನ್ನು ಪಂಚಾಯತಿ ನಿರ್ಧರಿಸಲಾರದು. ಕಂಬ ಗಟ್ಟಿಯಾಗಿದೆಯೆ, ಬಿದ್ದರೆ ಯಾರ ಮೇಲೆ ಬೀಳುತ್ತದೆ, ರಸ್ತೆಗೆ ಚಾಚಿದೆಯೆ ಎಂಬುದನ್ನು ದಿಲ್ಲಿ ನೋಡಲಾರದು. ಜಗಳಗಳಲ್ಲಿ ಹೆಚ್ಚಿನವು ಈ ಎರಡನ್ನು ಬೆರೆಸಿದಾಗಲೇ ಹುಟ್ಟುತ್ತವೆ. ದಿಲ್ಲಿಯ ಪರವಾನಗಿ ಇದೆ, ಇನ್ನಾರನ್ನೂ ಕೇಳಬೇಕಿಲ್ಲ ಎನ್ನುವ ಹವ್ಯಾಸಿಯೂ ತಪ್ಪು. ಅಲೆಯಿಂದ ರೋಗ ಬರುತ್ತದೆ, ಆದ್ದರಿಂದ ಕಂಬಕ್ಕೆ ಅನುಮತಿ ಇಲ್ಲ ಎನ್ನುವ ಪಂಚಾಯತಿಯೂ ತನ್ನ ಅಧಿಕಾರದ ಎಲ್ಲೆ ಮೀರಿದಂತೆಯೇ.

ಹವ್ಯಾಸಿ ಸೇವೆಗೆ 1978ರ ನಿಯಮಗಳಿವೆ. ಅವು 1885ರ ಟೆಲಿಗ್ರಾಫ್ ಕಾಯಿದೆಯ ಕಾಲದ ಚೌಕಟ್ಟಿನಲ್ಲಿ ರೂಪುಗೊಂಡವು. ಆ ಹಳೆಯ ಕಾಯಿದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯಿದೆ ಬಂದಿದ್ದು, 2024ರ ಜೂನ್‌ನಿಂದ ಹಂತಹಂತವಾಗಿ ಜಾರಿಗೊಳ್ಳುತ್ತಿದೆ. ಅರ್ಜಿ ಹಾಕುವವರು ಆ ಹೊತ್ತಿಗೆ ಚಾಲ್ತಿಯಲ್ಲಿರುವ ನಿಯಮವನ್ನು ಇಲಾಖೆಯಿಂದಲೇ ತಿಳಿದುಕೊಳ್ಳುವುದು ಲೇಸು. ಪರವಾನಗಿಯಲ್ಲಿ ಕೇಂದ್ರದ ಸ್ಥಳ ನಮೂದಾಗಿರುತ್ತದೆ. ಮನೆ ಬದಲಿಸಿದರೆ ತಿಳಿಸಬೇಕು. ಪರವಾನಗಿ ಬೇಕಾದ ವಾಕಿಟಾಕಿಯನ್ನು ಪೇಟೆಯಿಂದ ತಂದು ಪರವಾನಗಿ ಇಲ್ಲದೆ ಬಳಸುವುದು ಅಪರಾಧ. ಈ ಮಾತನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಊರಿನ ಮಟ್ಟದಲ್ಲಿ ಎರಡು ದಾರಿ. ಮನೆಯು ಶಹಾಪುರ ಪಟ್ಟಣದೊಳಗಿದ್ದರೆ 1964ರ ಪುರಸಭೆಗಳ ಕಾಯಿದೆಯಂತೆ ನಗರಸಭೆ. ಹಳ್ಳಿಯಲ್ಲಿದ್ದರೆ 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮ ಪಂಚಾಯತಿ. ಆ ಕಾಯಿದೆಯ 64ನೆಯ ಪ್ರಕರಣವು ಕಟ್ಟಡ ನಿರ್ಮಾಣಕ್ಕೆ ಪಂಚಾಯತಿಯ ಅನುಮತಿ ಬೇಕೆನ್ನುತ್ತದೆ. ವಲಯಗಳ ವಿಚಾರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಗೆ ಸೇರಿದ್ದು. ಈ ಎಲ್ಲ ನಿಯಮಗಳು ಗೋಡೆ, ಮಹಡಿ, ಅಂಗಡಿ, ಗೋದಾಮುಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಮಾಳಿಗೆಯ ಮೇಲಿನ ಒಂದು ಕೊಳವೆ ಮತ್ತು ಇಪ್ಪತ್ತು ಮೀಟರ್ ತಂತಿ ಅವುಗಳಲ್ಲಿ ಎಲ್ಲಿಯೂ ಸರಿಯಾಗಿ ಕೂರುವುದಿಲ್ಲ.

ಕೂರದ ವಸ್ತುವನ್ನು ಅಧಿಕಾರಿಗಳು ಹತ್ತಿರದ ಮತ್ತೊಂದು ಪೆಟ್ಟಿಗೆಯಲ್ಲಿ ಹಾಕುತ್ತಾರೆ. ಹತ್ತಿರದ ಪೆಟ್ಟಿಗೆ ಮೊಬೈಲ್ ಗೋಪುರದ್ದು. ಅದಕ್ಕೆ ರಾಜ್ಯ ಸರ್ಕಾರವು 2019ರಲ್ಲಿ ಪ್ರತ್ಯೇಕ ನಿಯಮಾವಳಿ ಹೊರಡಿಸಿತು. ಕಂಪನಿಗಳು ಹಣಕ್ಕಾಗಿ ನಡೆಸುವ ಉದ್ಯಮವನ್ನು ಕುರಿತ ನಿಯಮ ಅದು. ಹಣ ಮುಟ್ಟುವಂತಿಲ್ಲದ ಹವ್ಯಾಸಿಗೆ ಅದೇ ಅಳತೆಗೋಲು ಹಿಡಿಯುವುದು ಎತ್ತಿನ ಬಂಡಿಗೆ ಬಸ್ಸಿನ ತೆರಿಗೆ ಹಾಕಿದಂತೆ. ವಲಯದ ಪ್ರಶ್ನೆಗೂ ಇದೇ ಉತ್ತರ. ವಾಸದ ವಲಯದ ಮನೆಯಲ್ಲಿ ಒಬ್ಬ ವಿದ್ಯಾರ್ಥಿನಿ ತಂತಿ ಕಟ್ಟಿ ಮಾತನಾಡಿದರೆ ಆ ಮನೆ ವಾಸದ ಮನೆಯಾಗಿಯೇ ಉಳಿಯುತ್ತದೆ, ಭೂಬಳಕೆ ಬದಲಾಗುವುದಿಲ್ಲ. ಅಮೆರಿಕದಲ್ಲಿ ಇಂಥ ಜಗಳಗಳು ಬಹಳ ಬೆಳೆದಾಗ ಅಲ್ಲಿಯ ಕೇಂದ್ರ ಸಂಪರ್ಕ ಆಯೋಗವು 1985ರಲ್ಲಿ ಒಂದು ಆದೇಶ ಹೊರಡಿಸಿತು: ಸ್ಥಳೀಯ ಸಂಸ್ಥೆಗಳು ನಿಯಮ ಮಾಡಬಹುದು, ಆದರೆ ಹವ್ಯಾಸಿ ಸಂಪರ್ಕಕ್ಕೆ ಸಮಂಜಸವಾದ ಎಡೆ ಕೊಡಲೇಬೇಕು. ಹಾಗೆಂದು ಅಲ್ಲಿ ಜಗಳ ನಿಂತಿಲ್ಲ; ಆದರೆ ಚರ್ಚೆಗೆ ಒಂದು ನೆಲೆ ಸಿಕ್ಕಿತು.

ಅಲೆಯ ಭಯವನ್ನು ತಳ್ಳಿಹಾಕುವುದು ಪರಿಸರ ಚಳವಳಿಗೆ ಶೋಭಿಸದು. ಭಾರತವು 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಗೋಪುರಗಳ ವಿಕಿರಣಕ್ಕೆ ಅಂತಾರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗವನ್ನು ನಿಗದಿಪಡಿಸಿದೆ. ಹವ್ಯಾಸಿ ಕೇಂದ್ರದ ವಿಷಯದಲ್ಲಿ ನಿಜವಾದ ಅಪಾಯ ಬೇರೆ ಕಡೆ ಇದೆ. ಪ್ರಸಾರ ನಡೆಯುವಾಗ ತಂತಿಯ ತುದಿಗಳಲ್ಲಿ ಅಧಿಕ ವೋಲ್ಟೇಜ್ ಇರುತ್ತದೆ. ಮುಟ್ಟಿದರೆ ಚರ್ಮ ಸುಡುತ್ತದೆ. ಮಕ್ಕಳ, ದನಗಳ ಎಟುಕಿಗೆ ತುದಿ ಸಿಗಬಾರದು. ಅದಕ್ಕಿಂತ ದೊಡ್ಡ ಅಪಾಯ ಜೆಸ್ಕಾಂನ ವಿದ್ಯುತ್ ತಂತಿ. ಕಂಬ ಎತ್ತುವಾಗ ಅದು ವಿದ್ಯುತ್ ತಂತಿಗೆ ತಗುಲಿದರೆ ಎತ್ತುವವರು ಬದುಕುವುದಿಲ್ಲ. ಕಂಬ ಉರುಳಿದರೂ ವಿದ್ಯುತ್ ತಂತಿಯನ್ನು ಮುಟ್ಟದಷ್ಟು ದೂರ ಇರಲೇಬೇಕು. ಈ ಒಂದು ಷರತ್ತಿನಲ್ಲಿ ಪಂಚಾಯತಿ ಎಷ್ಟು ಕಠಿಣವಾಗಿದ್ದರೂ ಒಳ್ಳೆಯದೇ.

ಮೂರನೆಯದು ಸಿಡಿಲು. ಮುಂಗಾರಿಗೆ ಮೊದಲು ಹೊಲದಲ್ಲಿದ್ದ ಜನರೂ ಕುರಿಗಳೂ ಸಿಡಿಲಿಗೆ ಬಲಿಯಾಗುವ ಸೀಮೆ ಇದು. ಎರೆಮಣ್ಣು ಹಸಿಯಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಹೀರುತ್ತದೆ. ಬೇಸಿಗೆಯಲ್ಲಿ ಬಿರಿದಾಗ ಭೂತಂತಿಯ ಸಲಾಕೆಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಗುಡ್ಡದ ಬುಡದ ಕಲ್ಲುನೆಲದಲ್ಲಿ ಸಲಾಕೆ ಇಳಿಯುವುದೇ ಕಷ್ಟ. ಅಲ್ಲಿ ಒಂದೇ ಸಲಾಕೆಯ ಬದಲು ಹಲವನ್ನು ಹೂತು ತಾಮ್ರದ ಪಟ್ಟಿಯಿಂದ ಜೋಡಿಸಬೇಕು. ಗುಡುಗು ಕೇಳಿದ ಕೂಡಲೇ ಏರಿಯಲ್ ತಂತಿಯನ್ನು ಯಂತ್ರದಿಂದ ಕಳಚಿ ಮನೆಯ ಹೊರಗೆ ಭೂಮಿಗೆ ಸೇರಿಸಬೇಕು. ಹಳೆಯ ಮಣ್ಣಿನ ಮಾಳಿಗೆಗೆ, ಶಹಾಬಾದ್ ಕಲ್ಲು ಹೊದಿಸಿದ ಸೂರಿಗೆ ಕಂಬದ ಭಾರ ಹಾಕಲೇಬಾರದು. ಅಂಗಳದಲ್ಲಿ ನೆಟ್ಟು ಗೋಡೆಗೆ ಬಿಗಿಯುವುದು ಮೇಲು.

ಇಷ್ಟಾದ ಮೇಲೆ ಎತ್ತರದ ಪ್ರಶ್ನೆ. ರೇಡಿಯೊ ಎಂದರೆ ಗಗನಚುಂಬಿ ಗೋಪುರವೆಂದು ಭಾವಿಸಬೇಕಿಲ್ಲ. 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಬಳಸುವ ಅರ್ಧ ಅಲೆಯ ತಂತಿಯ ಉದ್ದ ಸುಮಾರು 20 ಮೀಟರ್. ಲೆಕ್ಕ ಸುಲಭ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಉದ್ದ ಬರುತ್ತದೆ. ಆ ತಂತಿಯನ್ನು ಆರೇಳು ಮೀಟರ್ ಎತ್ತರದಲ್ಲಿ, ಎಂದರೆ ಒಂದು ಬೇವಿನ ಮರದ ಎತ್ತರದಲ್ಲಿ ಕಟ್ಟಿದರೆ ಅಲೆಯು ಬಹುತೇಕ ನೇರ ಮೇಲಕ್ಕೆ ಹೋಗಿ, ಅಯಾನುಗೋಲಕ್ಕೆ ತಗುಲಿ, ಛತ್ರಿಯಿಂದ ನೀರು ಸುರಿದಂತೆ ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರ್ ಸೀಮೆಗೆ ಹಿಂತಿರುಗುತ್ತದೆ. ಹಗಲು ಹೊತ್ತು ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿ ಎಲ್ಲವೂ ಈ ವ್ಯಾಪ್ತಿಯಲ್ಲಿ. ನಡುವೆ ಗುಡ್ಡ ಅಡ್ಡ ಬಂದರೂ ಅಡ್ಡಿಯಿಲ್ಲ. ಮೇಲಿನಿಂದ ಬರುವ ಅಲೆಗೆ ಗುಡ್ಡವೇನು ಮಾಡೀತು? ರಾತ್ರಿಯ ಹೊತ್ತು ಅಯಾನುಗೋಲ ಕ್ಷೀಣಿಸಿದಾಗ ಈ ಸೌಕರ್ಯ ಕೈಕೊಡುವುದುಂಟು, ನಿಜ.

ಹತ್ತಿರದ ಊರುಗಳ ಮಾತಿಗೆ 144ರಿಂದ 146 ಮೆಗಾಹರ್ಟ್ಸ್ ಪಟ್ಟಿ ಇದೆ. ಅಲ್ಲಿ ಏರಿಯಲ್ಲಿನ ಕಡ್ಡಿ ಅರ್ಧ ಮೀಟರ್ ಮಾತ್ರ, ಆದರೆ ದೃಷ್ಟಿರೇಖೆ ಬೇಕು. ಬಯಲಿಗಿಂತ ನೂರು ಮೀಟರ್ ಎತ್ತರದ ತಾಣದಿಂದ ರೇಡಿಯೊ ದಿಗಂತವು ಸುಮಾರು 40 ಕಿಲೋಮೀಟರ್. ಆದ್ದರಿಂದಲೇ ಹವ್ಯಾಸಿಗಳ ಕಣ್ಣು ಗುಡ್ಡದ ನೆತ್ತಿಯ ಮೇಲೆ. ಇಲ್ಲಿ ಚಳವಳಿಯ ನಿಲುವು ಖಚಿತವಾಗಿರಬೇಕು. ನೆತ್ತಿಯು ಅರಣ್ಯ ಭೂಮಿಯಾಗಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯಿದೆ ಎದುರಾಗುತ್ತದೆ. ಕೇಂದ್ರದ ಸಂರಕ್ಷಿತ ಸ್ಮಾರಕವಿದ್ದರೆ 2010ರ ತಿದ್ದುಪಡಿಯಂತೆ ನೂರು ಮೀಟರ್ ಒಳಗೆ ನಿರ್ಮಾಣ ನಿಷಿದ್ಧ, ಅದರಾಚೆಯ ಇನ್ನೂರು ಮೀಟರ್‌ನಲ್ಲಿ ಅನುಮತಿ ಕಡ್ಡಾಯ. ಇವೆರಡೂ ಅನ್ವಯಿಸದ ಕಡೆಯಲ್ಲೂ ಮಲಗಿದ ಬುದ್ಧನ ಗೆರೆಯ ಮೇಲೆ ಕಾಯಂ ಕಂಬ ಬೇಡ. ಅಗತ್ಯ ಬಿದ್ದ ದಿನ ಕೈಯಲ್ಲಿ ಹಿಡಿದೊಯ್ದು, ಕೆಲಸ ಮುಗಿದ ಮೇಲೆ ಇಳಿಸಿ ತರುವ ಹಗುರ ಕಂಬ ಸಾಕು.

ಅಂಥ ದಿನಗಳು ಬರುತ್ತವೆ. 2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕ ಮುಳುಗಿದ್ದನ್ನು ಯಾರೂ ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರದಿಂದ ಬಿಟ್ಟ ನೀರಿಗೆ ಶಹಾಪುರ ತಾಲ್ಲೂಕಿನ ಕೊಳ್ಳೂರು (ಎಂ) ಬಳಿಯ ಕೃಷ್ಣಾ ಸೇತುವೆ ಮುಳುಗಿ, ದೇವದುರ್ಗದ ಕಡೆಯ ಸಂಚಾರ ಕಡಿಯಿತು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಳು. ನದಿ ತುಂಬಿದಾಗ ಸುರಪುರದ ಕಡೆಯ ನೀಲಕಂಠರಾಯನಗಡ್ಡಿಯ ಜನರು ನಡುಗಡ್ಡೆಯಲ್ಲಿ ಸಿಕ್ಕಿಕೊಂಡದ್ದುಂಟು. ವಿದ್ಯುತ್ ಹೋದ ಕೆಲವು ತಾಸುಗಳಲ್ಲಿ ಮೊಬೈಲ್ ಗೋಪುರದ ಬ್ಯಾಟರಿ ಬರಿದಾಗುತ್ತದೆ. ಟ್ರ್ಯಾಕ್ಟರಿನ ಬ್ಯಾಟರಿಯಿಂದ ನಡೆಯುವ ಯಂತ್ರ, ಬೇವಿನ ಮರದ ಎತ್ತರದ ತಂತಿ, ಅದನ್ನು ಬಳಸಬಲ್ಲ ಒಬ್ಬರು: ನದಿ ತೀರದ ಹೋಬಳಿಗೆ ಇವು ಮೂರಿದ್ದರೆ ಹೆರಿಗೆ ನೋವಿನ ಹೆಣ್ಣುಮಗಳೊಬ್ಬಳಿಗೆ ದೋಣಿ ಯಾವಾಗ ಬರುತ್ತದೆಂದು ಹೇಳಬಹುದು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ, ಹವ್ಯಾಸಿ ಪ್ರಸಾರಕ್ಕೆಂದು ಪೋರ್ಟ್‌ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದರು ಹೋಟೆಲಿನ ಆವರಣದಿಂದಲೇ ಹೊರಜಗತ್ತಿಗೆ ಸುದ್ದಿ ತಲುಪಿಸಿದರು. ಆದರೆ ಪ್ರವಾಹದ ದಿನ ಪರೀಕ್ಷೆ ಬರೆಯಲಾಗದು, ಅನುಮತಿಗೆ ಅರ್ಜಿಯನ್ನೂ ಹಾಕಲಾಗದು. ಕಂಬ ಮೊದಲೇ ನಿಂತಿರಬೇಕು.

ಹೀಗಿರುವಾಗ ಪಂಚಾಯತಿಗಳು ತಾವಾಗಿಯೇ ಒಂದು ಠರಾವು ಮಾಡುವುದು ಸೂಕ್ತ. ಮಾಳಿಗೆಯಿಂದ ಇಂತಿಷ್ಟು ಎತ್ತರದವರೆಗಿನ ಹಗುರ ಕಂಬಕ್ಕೆ ತಿಳಿವಳಿಕೆ ಪತ್ರ ಸಾಕು. ಅದಕ್ಕೂ ಎತ್ತರವಾದರೆ ಅರ್ಜಿ, ಸ್ಥಳ ಪರಿಶೀಲನೆ. ಬಿಗಿತಂತಿ ಸ್ವಂತ ಜಾಗದೊಳಗೇ ಇರಬೇಕು. ಹಕ್ಕಿಗಳಿಗೆ ಕಾಣುವಂತೆ ಅದಕ್ಕೆ ಬಣ್ಣದ ಬಟ್ಟೆ ಕಟ್ಟಬೇಕು. ಪಕ್ಕದ ಮನೆಯ ಟಿ.ವಿ.ಗೆ ಅಡ್ಡಿಯಾದರೆ ಹವ್ಯಾಸಿಯೇ ಶೋಧಕ ಹಾಕಿಸಿ ಸರಿಪಡಿಸಬೇಕು. ವಿಮಾನ ನಿಲ್ದಾಣದ ಸುತ್ತಲಿನ 20 ಕಿಲೋಮೀಟರ್ ಎತ್ತರ ನಿರ್ಬಂಧವು ಕಲಬುರಗಿ ಹತ್ತಿರದ ಊರುಗಳಿಗೆ ಮುಖ್ಯ. ಶಹಾಪುರ ಅದರಾಚೆ ಇದೆ.

ಅರ್ಜಿ ಹಾಕುವವರು ಪರವಾನಗಿಯ ಪ್ರತಿ, ಕೈಯಿಂದ ಬರೆದ ನಕ್ಷೆ, ಕಂಬದ ಎತ್ತರ, ವಿದ್ಯುತ್ ತಂತಿಯಿಂದ ಇರುವ ದೂರ, ಭೂತಂತಿಯ ವಿವರ ಇಷ್ಟನ್ನು ಲಗತ್ತಿಸಿ ಸ್ವೀಕೃತಿ ಪಡೆಯಬೇಕು. ಅದಕ್ಕೂ ಮೊದಲು ಅಕ್ಕಪಕ್ಕದ ಮನೆಯವರನ್ನು ಕರೆದು ಯಂತ್ರ ತೋರಿಸಿ ಒಂದು ಸಲ ಮಾತನಾಡಿಸುವುದು ಒಳ್ಳೆಯದು. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಬೇಕು. ಬಾಯಿಮಾತಿನ ನಿರಾಕರಣೆಗೆ ಮೇಲ್ಮನವಿ ಇರುವುದಿಲ್ಲ. ಬರೆದುಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕಡತದ ಟಿಪ್ಪಣಿಗಳ ಪ್ರತಿ ಕೇಳಬಹುದು. ಅದಕ್ಕೆ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಮುಂಗಾರು ಜೂನ್‌ನಲ್ಲಿ ಬರುವುದರಿಂದ ಅರ್ಜಿಯನ್ನು ಸಂಕ್ರಾಂತಿಯ ಹೊತ್ತಿಗೇ ಕೊಟ್ಟರೆ ಬೇಸಿಗೆಯಲ್ಲಿ ಕಂಬ ನಿಲ್ಲಿಸಿ, ಭೂತಂತಿ ಹೂಳಲು ಸಮಯ ಸಿಗುತ್ತದೆ.