ಹಿರಿಯ ವಿದ್ಯಾರ್ಥಿಯ ಹೊಣೆ

ಹೊಸದಾಗಿ ಕಾಲೇಜು ಸೇರಿದವರನ್ನು ಹಿರಿಯ ವಿದ್ಯಾರ್ಥಿಗಳು ಗೋಳುಹೊಯ್ದುಕೊಳ್ಳುವ ‘ರ‍್ಯಾಗಿಂಗ್’ ಪಿಡುಗನ್ನು ಪರಿಚಯದ ವಿನೋದವೆಂದು ಸಮರ್ಥಿಸುವವರಿದ್ದಾರೆ. ವಿನೋದವಾದರೆ ಇಬ್ಬರೂ ನಗಬೇಕು. ಒಬ್ಬನು ನಕ್ಕು ಮತ್ತೊಬ್ಬನು ನಡುಗಿದರೆ ಅದು ಹಿಂಸೆ. 2009ರ ಮಾರ್ಚ್ ತಿಂಗಳಲ್ಲಿ ಹಿಮಾಚಲ ಪ್ರದೇಶದ ಕಾಂಗ್ಡಾ ಜಿಲ್ಲೆಯ ವೈದ್ಯಕೀಯ ಕಾಲೇಜಿನಲ್ಲಿ ಪ್ರಥಮ ವರ್ಷದ ವಿದ್ಯಾರ್ಥಿಯೊಬ್ಬನು ಹಿರಿಯರ ಹೊಡೆತದಿಂದ ಪ್ರಾಣವನ್ನೇ ಕಳೆದುಕೊಂಡನು.

ಅದೇ ವರ್ಷ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಇದರ ತಡೆಗಾಗಿ ನಿಯಮಾವಳಿಯನ್ನು ಹೊರಡಿಸಿತು. ಅದರಲ್ಲಿ ದಂಡನೆಯ ವಿಧಿಗಳಿವೆ. ಆದರೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು ಇನ್ನೊಂದು ವಿಧಿ: ಆರು ಮಂದಿ ಹೊಸಬರಿಗೆ ಒಬ್ಬ ಹಿರಿಯ ವಿದ್ಯಾರ್ಥಿ ಮಾರ್ಗದರ್ಶಿ; ಅಂಥ ಆರು ಮಾರ್ಗದರ್ಶಿಗಳಿಗೆ ಮೇಲಿನ ತರಗತಿಯ ಮತ್ತೊಬ್ಬ. ಕಾಡಬಲ್ಲವನ ಕೈಗೇ ಕಾಯುವ ಕೆಲಸವನ್ನೊಪ್ಪಿಸುವ ವಿವೇಕ ಇಲ್ಲಿದೆ.

ಆದರೆ ಹೊಣೆ ಹೊರಿಸಿದ ಮಾತ್ರಕ್ಕೆ ಹೊರುವ ಶಕ್ತಿ ಬಾರದು. ಅದಕ್ಕೆ ತರಬೇತಿ ಬೇಕು. ಹೆದರಿ ಸುಮ್ಮನಿರುವುದು ಒಪ್ಪಿಗೆಯಲ್ಲವೆಂಬುದನ್ನು ವಿದ್ಯಾರ್ಥಿ ನಾಯಕರು ಅರಿಯಬೇಕು. ತಮ್ಮ ಗೆಳೆಯನೇ ಕಾಡತೊಡಗಿದಾಗ ‘ಸಾಕು, ಬಿಡು’ ಎನ್ನುವ ಧೈರ್ಯವನ್ನು ಅಭ್ಯಾಸದಿಂದ ಪಡೆಯಬೇಕು. ಊಟ ಬಿಟ್ಟವನನ್ನು, ತರಗತಿಗೆ ಬಾರದವನನ್ನು, ಊರಿಗೆ ಹೋಗುತ್ತೇನೆಂದು ಹಟ ಹಿಡಿದವನನ್ನು ಅಧ್ಯಾಪಕರೂ ನಿಲಯಪಾಲಕರೂ ಗುರುತಿಸಬೇಕು. ದೂರು ಬಂದಾಗ ‘ಹೊಂದಿಕೊಂಡು ಹೋಗಪ್ಪ’ ಎಂದು ಕಳುಹಿಸಬಾರದು. ದೂರಿತ್ತವನ ಹೆಸರು ಹೊರಬೀಳದಂತೆ ಕಾಯಬೇಕು.

ಅಧ್ಯಾಪನದಲ್ಲಿ ತಲೆ ನರೆತ ನಾನು ಕಂಡ ಮಾತಿದು: ಮೊದಲ ವಾರದಲ್ಲಿ ಅಕ್ಕರೆಯಿಂದ ಬರಮಾಡಿಕೊಂಡ ಹುಡುಗನು ಮರುವರ್ಷ ತಾನೂ ಹಾಗೆಯೇ ಬರಮಾಡಿಕೊಳ್ಳುತ್ತಾನೆ. ಈ ಪರಂಪರೆಯನ್ನು ಬೆಳೆಸುವ ಕೆಲಸ ಕಾಲೇಜು ತೆರೆಯುವ ಮುನ್ನವೇ ಆರಂಭವಾಗಲಿ.