ಅವ್ವನ ಲೆಕ್ಕದಲ್ಲಿ ಉಳಿದದ್ದು



ಎರಡು ತಿಂಗಳ ಹಿಂದೆ ಅಮಾವಾಸ್ಯೆಯ ದಿನ ಹುಬ್ಬಳ್ಳಿ ಕಡೆಯ ಭಕ್ತರೊಬ್ಬರು ಮಠಕ್ಕೆ ಬಂದಿದ್ದರು. ಎಲ್ಲರಂತೆ ನಮಸ್ಕರಿಸಿ ಎದ್ದು ಹೋಗಲಿಲ್ಲ. ಜನ ಕರಗುವವರೆಗೆ ಕಂಬದ ಮಗ್ಗುಲಲ್ಲಿ ಕುಳಿತೇ ಇದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದರೊಳಗಿಂದ ಹೊಸದೊಂದು ಸ್ಟೀಲಿನ ಡಬ್ಬಿ ತೆಗೆದು ನಮ್ಮ ಮುಂದಿಟ್ಟು, "ಅಜ್ಜಾರ, ಇದನ್ನ ಮಠಕ್ಕ ಇಟ್ಕೊಳ್ರಿ. ನಮ್ಮ ಮನ್ಯಾಗ ಇಡಾಕ ಮನಸ್ಸು ಒಲ್ಲದಾಗೇತಿ" ಎಂದರು.

ಮಠಕ್ಕೆ ಡಬ್ಬಿ ಬೇಡವೆಂದಲ್ಲ. ದಾಸೋಹದ ಮನೆಯಲ್ಲಿ ಎಷ್ಟು ಡಬ್ಬಿಗಳಿದ್ದರೂ ಸಾಲವು. ಆದರೆ ಮನೆಯಲ್ಲಿಡಲು ಮನಸ್ಸೊಪ್ಪದ ವಸ್ತು ಮಠಕ್ಕೆ ಹೇಗೆ ಒಪ್ಪೀತು? ಏನು ವಿಷಯವೆಂದು ಕೇಳಿದೆವು.

ಅವರ ತಾಯಿ ಲಿಂಗೈಕ್ಯರಾಗಿ ಆಗ ಮೂರು ತಿಂಗಳಾಗಿತ್ತು. ಆ ತಾಯಿ ಮನೆಯ ಸಂತೆಯನ್ನೆಲ್ಲ ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ ಮಾಡುತ್ತಿದ್ದರಂತೆ. ಈಗಿನ ದೊಡ್ಡ ಅಂಗಡಿಗಳ ಪದ್ಧತಿ ನಿಮಗೆ ಗೊತ್ತಿದೆ. ಬಿಲ್ಲು ಮಾಡುವಾಗ ಫೋನ್ ನಂಬರು ಕೇಳುತ್ತಾರೆ. ಇಂತಿಷ್ಟು ವ್ಯಾಪಾರಕ್ಕೆ ಇಂತಿಷ್ಟು ಪಾಯಿಂಟು ಎಂದು ಆ ನಂಬರಿನ ಲೆಕ್ಕಕ್ಕೆ ಬರೆಯುತ್ತಾರೆ. ಕೂಡಿದ ಪಾಯಿಂಟಿಗೆ ಮುಂದೆ ಸಾಮಾನು ಕೊಡುತ್ತಾರೆ. ಆ ಅಂಗಡಿಯಲ್ಲಿ 100 ರೂಪಾಯಿಗೆ ಒಂದು ಪಾಯಿಂಟು, ಒಂದು ಪಾಯಿಂಟಿಗೆ ಒಂದು ರೂಪಾಯಿ. ತಾಯಿಯ ಲೆಕ್ಕದಲ್ಲಿ 1,860 ಪಾಯಿಂಟು ಉಳಿದಿತ್ತು. ನೀವೇ ಗುಣಿಸಿ ನೋಡಿರಿ. ಆ ತಾಯಿ ಮೂರು ವರ್ಷದಲ್ಲಿ 1,86,000 ರೂಪಾಯಿಯ ಸಂತೆಯನ್ನು ತಮ್ಮ ಕೈಯಾರೆ ಮಾಡಿದ್ದರು. ಅಕ್ಕಿ, ಬೇಳೆ, ಸಾಬೂನು, ಮೊಮ್ಮಕ್ಕಳ ಬಿಸ್ಕೀಟು, ಎಲ್ಲವೂ ಅದರಲ್ಲಿ ಬಂತು.

ಮಗ ಒಂದು ದಿನ ಆ ಅಂಗಡಿಗೆ ಹೋದರು. ಡಬ್ಬಿ ತೆಗೆದುಕೊಂಡರು. ಕೌಂಟರಿನ ಹುಡುಗ ನಂಬರು ಕೇಳಿದಾಗ ಅವ್ವನ ನಂಬರು ಹೇಳಿದರು. ಪರದೆಯ ಮೇಲೆ ಅವ್ವನ ಹೆಸರು ಬಂತು. ಓಟಿಪಿ ಎಂಬ ಗುಟ್ಟಿನ ಅಂಕಿ ಇವರ ಜೇಬಿನಲ್ಲೇ ಇದ್ದ ಅವ್ವನ ಫೋನಿಗೆ ಬಂತು. ಅದನ್ನೂ ಹೇಳಿದರು. 640 ಪಾಯಿಂಟು ಕಡಿದು ಡಬ್ಬಿ ಕೊಟ್ಟರು. ಅಲ್ಲಿಯ ತನಕ ಎಲ್ಲ ಸರಿ ಇತ್ತು. ಆ ಹುಡುಗ ಸಾಮಾನು ಚೀಲಕ್ಕೆ ಹಾಕುತ್ತ, "ಅಮ್ಮಾರು ಬಂದಿಲ್ಲೇನ್ರಿ ಇವತ್ತ?" ಎಂದು ಸಹಜವಾಗಿ ಕೇಳಿದ. ಇವರು "ಮನ್ಯಾಗದಾರ" ಎಂದುಬಿಟ್ಟರು.

"ಅಜ್ಜಾರ, ಅವ್ವನ ಮಣ್ಣು ಮಾಡಿದ ಕೈಲೇ ಆಕೀ ಮನ್ಯಾಗ ಅದಾಳಂತ ಹೇಳಿ ಡಬ್ಬಿ ತಂದೆ" ಎಂದು ಹೇಳಿ ಆ ಭಕ್ತರು ಅತ್ತರು. ಐವತ್ತು ದಾಟಿದ ಮನುಷ್ಯ, ಮನೆಯಲ್ಲಿ ಹಿರಿಯ ಮಗ.

640 ರೂಪಾಯಿಯ ಡಬ್ಬಿಗೆ ಇಷ್ಟು ಅಳುವುದೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸೀತು. ನಮಗೂ ಮೊದಲು ಹಾಗೇ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಯೋಚಿಸುತ್ತ ಹೋದಂತೆ ವಿಷಯ ಸಣ್ಣದಲ್ಲವೆಂದು ತಿಳಿಯಿತು. ಈ ಪಾಯಿಂಟು ಎಂಬುದು ಯಾರದು? ಅವ್ವನದೋ, ಅಂಗಡಿಯವನದೋ? ಅವ್ವನದಾದರೆ ಮಗ ತೆಗೆದುಕೊಂಡದ್ದರಲ್ಲಿ ತಪ್ಪೇನು? ಅಂಗಡಿಯವನದಾದರೆ ಮಗ ಮಾಡಿದ್ದು ಕಳವೇ ಆಯಿತಲ್ಲವೆ?

ಕೊಂಡವರಿಗೆ ಕೊಂಡಷ್ಟಕ್ಕೆ ಪಾಲು ಕೊಡುವ ಪದ್ಧತಿ ಹೊಸದಲ್ಲ. 1844ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 28 ಜನ ಕೂಡಿ ಒಂದು ಅಂಗಡಿ ತೆರೆದರು. ಅವರಲ್ಲಿ ಬಹಳ ಮಂದಿ ನೇಕಾರರು, ಬಡವರು. ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿ, ಇಷ್ಟೇ ಬಂಡವಾಳ. ಬಂದ ಲಾಭವನ್ನು ಯಾರು ಎಷ್ಟು ಕೊಂಡರೋ ಅಷ್ಟರ ಪ್ರಮಾಣದಲ್ಲಿ ಸದಸ್ಯರಿಗೆ ಹಂಚುವುದೆಂದು ನಿಯಮ ಮಾಡಿಕೊಂಡರು. ಆ ಬೀಜವೇ ದೇಶದೇಶಗಳಲ್ಲಿ ಸಹಕಾರ ಸಂಘವಾಗಿ ಬೆಳೆಯಿತು. ದೂರ ಏಕೆ ಹೋಗಬೇಕು? 1905ರಲ್ಲಿ ನಮ್ಮ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘ ದೇಶಕ್ಕೇ ಮೊದಲನೆಯದೆಂದು ಹೆಸರಾಗಿದೆ. ಸಹಕಾರ ಸಂಘದಲ್ಲಿ ಸದಸ್ಯನ ಪಾಲು ಎಂದರೆ ಪಾಲೇ. ಅವನು ತೀರಿಕೊಂಡರೆ ಅದು ಅವನು ಹೆಸರಿಸಿದವರಿಗೆ, ಇಲ್ಲವೆ ವಾರಸುದಾರರಿಗೆ ಹೋಗಲು 1959ರ ನಮ್ಮ ಸಹಕಾರ ಕಾಯದೆಯಲ್ಲೇ ದಾರಿಯುಂಟು. ಅಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ.

ವ್ಯಾಪಾರಸ್ಥರು ಇದನ್ನು ನೋಡಿ ಬೇರೆ ದಾರಿ ಹಿಡಿದರು. ಅಮೆರಿಕದಲ್ಲಿ 1896ರಿಂದ ಒಂದು ಕಂಪನಿ ಹಸಿರು ಚೀಟಿಗಳನ್ನು ಅಂಗಡಿಗಳಿಗೆ ಮಾರುತ್ತಿತ್ತು. ಸಾಮಾನು ಕೊಂಡವರಿಗೆ ಅಂಗಡಿಯವರು ಅಂಚೆ ಚೀಟಿಯಂಥ ಆ ಚೀಟಿ ಕೊಡುವರು. ಗೃಹಿಣಿಯರು ಅವನ್ನು ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದ ಮೇಲೆ ಪಾತ್ರೆಯನ್ನೋ ದೀಪವನ್ನೋ ಪಡೆಯುವರು. ಪುಸ್ತಕ ಕೈಯಲ್ಲಿತ್ತು, ತಾಯಿ ಹೋದರೆ ಟ್ರಂಕಿನಲ್ಲಿ ಮಗಳಿಗೆ ಸಿಗುತ್ತಿತ್ತು. ಈಗಿನ ಪಾಯಿಂಟಿಗೆ ಕಾಗದವೇ ಇಲ್ಲ. ಅದು ಅಂಗಡಿಯವನ ಯಂತ್ರದಲ್ಲಿದೆ, ಬೀಗದ ಕೈ ಸತ್ತವರ ಫೋನಿನಲ್ಲಿದೆ.

ಇನ್ನು ನಿಯಮ. ಬಹಳಷ್ಟು ಅಂಗಡಿಗಳ ನಿಯಮಾವಳಿಯಲ್ಲಿ, ಪಾಯಿಂಟು ಕೊಂಡವರ ಸ್ವತ್ತಲ್ಲ, ಬೇರೆಯವರಿಗೆ ವರ್ಗವಾಗದು, ಇಂತಿಷ್ಟು ಕಾಲದಲ್ಲಿ ಬಳಸದಿದ್ದರೆ ರದ್ದಾಗುವುದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಸದಸ್ಯರು ತೀರಿಕೊಂಡರೆ ಲೆಕ್ಕವೇ ಮುಗಿಯಿತು ಎನ್ನುವವರುಂಟು. ಕಾಗದ ತೋರಿಸಿದರೆ ಮನೆಯವರಿಗೆ ಕೊಡುವವರೂ ಉಂಟು. ಅಂಗಡಿಯವನ ಬಾಯಿಂದ ಕೇಳಿದರೆ ಇದು ಅವನ ಔದಾರ್ಯ.

ಅವನ ಲೆಕ್ಕದ ಪುಸ್ತಕವನ್ನು ಕೇಳಿ ನೋಡಿರಿ, ಅದು ಬೇರೆ ಮಾತು ಹೇಳುತ್ತದೆ. ಮಠದ ಲೆಕ್ಕ ನೋಡುವ ಲೆಕ್ಕಪರಿಶೋಧಕರು ನಮಗೆ ಇದನ್ನು ತಿಳಿಸಿಕೊಟ್ಟರು. ನಮ್ಮ ದೇಶದ ದೊಡ್ಡ ಕಂಪನಿಗಳಿಗೆ 2018ರ ಏಪ್ರಿಲಿನಿಂದ ಬಂದ ಲೆಕ್ಕದ ನಿಯಮದ ಪ್ರಕಾರ, ನೀವು ಕೊಟ್ಟ ಹಣದಲ್ಲಿ ಪಾಯಿಂಟಿಗೆ ಸಲ್ಲುವಷ್ಟನ್ನು ಅಂಗಡಿಯವನು ಅಂದೇ ತನ್ನ ಆದಾಯವೆಂದು ಬರೆದುಕೊಳ್ಳುವಂತಿಲ್ಲ. ಕೊಡಬೇಕಾದದ್ದು ಎಂದು ಬೇರೆಯಾಗಿ ಇಡಬೇಕು. ನೀವು ಪಾಯಿಂಟು ಬಳಸಿದಾಗ, ಇಲ್ಲವೆ ಬಳಸದೆ ಬಿಟ್ಟಾಗ, ಅದು ಅವನ ಆದಾಯವಾಗುತ್ತದೆ. ಗಿರಾಕಿಗೆ ಕೊಟ್ಟ ಕಾಗದದಲ್ಲಿ ದಾನ, ತನ್ನ ಖಾತೆ ಪುಸ್ತಕದಲ್ಲಿ ಸಾಲ! ಆದುದರಿಂದ ಕೇಳುವುದಕ್ಕೆ ನಾಚಬೇಕಾಗಿಲ್ಲ. ತಾಯಿಯ ಸಂತೆಯ ಬೆಲೆಯಲ್ಲೇ ಅದೂ ಸೇರಿತ್ತು. ಮಕ್ಕಳು ಕೇಳಿದರೆ ಅದು ಆಸೆಬುರುಕುತನವಲ್ಲ.

ಇದನ್ನು ಆ ಭಕ್ತರಿಗೆ ಹೇಳಿದೆವು. ಅವರು, "ಹಂಗಾರ ಆಯ್ದಕ್ಕಿ ಲಕ್ಕಮ್ಮ ಹೇಳಿದ್ಹಂಗ ತಂದದ್ದನ್ನ ಅಲ್ಲೇ ಸುರುವಿ ಬರೂದು ಬ್ಯಾಡೇನ್ರಿ?" ಎಂದು ಕೇಳಿದರು. ಮಾರಯ್ಯ ತಂದದ್ದು ದಿನದ ಅಳತೆಗಿಂತ ಹೆಚ್ಚಾದ ಅಕ್ಕಿ, ಅದಕ್ಕೆ ಲಕ್ಕಮ್ಮ ತಿರುಗಿ ಕಳಿಸಿದಳು. ನಿಮ್ಮವ್ವನ ಪಾಯಿಂಟು ಅಳತೆ ಮೀರಿದ್ದಲ್ಲ, ಅಳೆದೇ ಬಂದದ್ದು. ನೀವು ತಪ್ಪಿದ್ದು ಡಬ್ಬಿಯಲ್ಲಲ್ಲ, "ಮನ್ಯಾಗದಾರ" ಎಂಬ ಮಾತಿನಲ್ಲಿ ಎಂದೆವು.

ಈ ಮಾತನ್ನು ನಾವು ಹಗುರಾಗಿ ಹೇಳುತ್ತಿಲ್ಲ. ಓಟಿಪಿ ಎಂದರೇನು? "ಇದು ನಾನೇ" ಎಂದು ಹೇಳುವ ಅಂಕಿ. ತಾಯಿಯ ಫೋನು ಹಿಡಿದು ಆ ಅಂಕಿ ಹೇಳಿದವನು ನಾನೇ ನನ್ನ ತಾಯಿ ಎಂದು ಹೇಳಿದಂತೆ. 640 ರೂಪಾಯಿಗೆ ಹೀಗೆ ಹೇಳಿದ ನಾಲಿಗೆಗೆ ಮುಂದೆ ಎಟಿಎಮ್ಮಿನ ಮುಂದೆ ಹೇಳುವುದು ಕಷ್ಟವಾಗದು. ತಂದೆ ತೀರಿಕೊಂಡ ಸುದ್ದಿ ಬ್ಯಾಂಕಿಗೆ ಮುಟ್ಟಿಸದೆ ಅವರ ಕಾರ್ಡಿನಿಂದ ಹಣ ತೆಗೆಯುವವರಿದ್ದಾರೆ. ಪಿಂಚಣಿಯನ್ನು ಕೂಡ ತಿಂಗಳುಗಟ್ಟಲೆ ತೆಗೆದು ಕೊನೆಗೆ ಬಡ್ಡಿಸಮೇತ ಕಟ್ಟಿದವರನ್ನು ನಾವು ಕಂಡಿದ್ದೇವೆ. ಅವರಾರೂ ಕಳ್ಳರಲ್ಲ. "ನಮ್ಮಪ್ಪಂದ ಐತಲ್ರಿ" ಎಂದೇ ಎಲ್ಲರೂ ಹೇಳುತ್ತಾರೆ. ಇನ್ನು ಅಣ್ಣತಮ್ಮಂದಿರ ನಡುವೆ ಯಾರ ಜೇಬಿನಲ್ಲಿ ಫೋನಿದೆಯೋ ಅವನೇ ವಾರಸುದಾರ ಎಂದಾದರೆ ಆ ಮನೆಯ ಗತಿ ಏನು?

ನಿಜವಾದ ದಾರಿ ಕಷ್ಟದ್ದೇನಲ್ಲ, ಬೇಸರದ್ದು ಅಷ್ಟೆ. ಮರಣ ಪ್ರಮಾಣಪತ್ರ ಬಂದ ಕೂಡಲೆ ಅದರ ಪ್ರತಿ ಹಿಡಿದು ಅಂಗಡಿಗೆ ಹೋಗಿ, ತಾಯಿ ತೀರಿಕೊಂಡಿದ್ದಾರೆ, ಅವರ ಲೆಕ್ಕದಲ್ಲಿ ಇಷ್ಟಿದೆ, ನಿಮ್ಮ ನಿಯಮವೇನು ಎಂದು ಬರೆದು ಕೇಳಬೇಕು. ಸಂಬಂಧ ತೋರಿಸುವ ಕಾಗದ ಮತ್ತು ಉಳಿದ ಮಕ್ಕಳ ಒಪ್ಪಿಗೆಯ ಪತ್ರ ಜೊತೆಗಿರಲಿ. ಕೊಟ್ಟರೆ ತೆಗೆದುಕೊಳ್ಳುವುದು, ಇಲ್ಲವೆಂದರೆ ಬಿಟ್ಟುಬರುವುದು. ತಡ ಮಾಡಬಾರದು, ಪಾಯಿಂಟಿಗೆ ಆಯುಷ್ಯ ಕಡಿಮೆ. ಫೋನ್ ನಂಬರಿಗೂ ಅಷ್ಟೇ. ಸೇವೆ ಕಡಿದ ನಂಬರನ್ನು 90 ದಿನ ಕಳೆದ ಮೇಲೆ ಬೇರೊಬ್ಬರಿಗೆ ಕೊಡಬಹುದು. ಆಗ ನಿಮ್ಮ ತಾಯಿಯ ಹೆಸರಿನ ಓಟಿಪಿ ಯಾವುದೋ ಊರಿನ ಅಪರಿಚಿತರ ಕೈಗೆ ಬರುತ್ತದೆ. ನಂಬರು ನಿಲ್ಲಿಸುವ ಮೊದಲು ಅದಕ್ಕೆ ಅಂಟಿದ ಲೆಕ್ಕಗಳನ್ನೆಲ್ಲ ಬಿಡಿಸಿಕೊಳ್ಳಬೇಕು.

ಬ್ಯಾಂಕಿನ ಹಣಕ್ಕೆ ಇಷ್ಟು ಅವಸರವಿಲ್ಲ. ಹತ್ತು ವರ್ಷ ಯಾರೂ ಕೇಳದ ಠೇವಣಿ 2014ರಲ್ಲಿ ಆದ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆಮೇಲೂ ವಾರಸುದಾರರು ಕೇಳಿ ಪಡೆಯಬಹುದು. ಅದನ್ನು ಹುಡುಕಲು 2023ರ ಆಗಸ್ಟಿನಲ್ಲಿ ಉದ್ಗಮ್ ಎಂಬ ಜಾಲತಾಣವನ್ನೂ ತೆರೆದಿದ್ದಾರೆ. ಪಾಯಿಂಟಿಗೆ ಅಂಥ ತವರುಮನೆ ಇಲ್ಲ.

ಇಲ್ಲಿ ಕುಳಿತ ಹಿರಿಯರಿಗೂ ಒಂದು ಮಾತು. ಕೂಡಿಟ್ಟ ಪಾಯಿಂಟನ್ನು ನೀವಿರುವಾಗಲೇ ಬಳಸಿರಿ. ಮೊಮ್ಮಗಳಿಗೆ ಮುಂದೆ ಬೇಕಾದೀತು ಎಂದು ಕಾಯುತ್ತ ಕೂಡ್ರಬೇಡಿರಿ. ಅಂಗಡಿಯವನು ಕಾಯುವುದೂ ಅದನ್ನೇ.

ಮುಂದೆ ಏನಾಯಿತೆಂದು ಹೇಳುತ್ತೇವೆ. ಡಬ್ಬಿಯನ್ನು ನಾವು ಇಟ್ಟುಕೊಳ್ಳಲಿಲ್ಲ, ಅವರ ಕೈಯಲ್ಲೇ ಕೊಟ್ಟು ಕಳಿಸಿದೆವು. ಅಂದು ರಾತ್ರಿ ಅವರೂ ಅವರ ತಂಗಿಯೂ ಕುಳಿತು ತಾಯಿಯ ಫೋನಿನಲ್ಲಿದ್ದ ಅಂಗಡಿಯ ಬಿಲ್ಲುಗಳನ್ನು ಒಂದೊಂದಾಗಿ ನೋಡಿದರಂತೆ. ಮೂರು ವರ್ಷದಲ್ಲಿ ಎಲ್ಲಕ್ಕೂ ದೊಡ್ಡ ಬಿಲ್ಲು ತಂಗಿಯ ಬಾಣಂತನದ ತಿಂಗಳಿನದು. ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸಿ, ತುಪ್ಪ. ತಾಯಿ ತಮಗಾಗಿ ಕೊಂಡದ್ದು ಯಾವುದೆಂದು ಹುಡುಕಿದರು. ಒಂದು ಮೊಣಕಾಲಿನ ಪಟ್ಟಿ ಸಿಕ್ಕಿತು, ಅದನ್ನೂ ತಾಯಿ ಎರಡು ದಿನದ ಮೇಲೆ ತಿರುಗಿ ಕೊಟ್ಟಿದ್ದರು. ಉಳಿದ ಪಾಯಿಂಟು ತಂಗಿಗೇ ಸೇರಲಿ ಎಂದು ಅಣ್ಣ ಅಲ್ಲೇ ಒಪ್ಪಿಗೆ ಬರೆದುಕೊಟ್ಟರು.

ಮರುದಿನ ಅಂಗಡಿಗೆ ಹೋಗಿ ವ್ಯವಸ್ಥಾಪಕರ ಮುಂದೆ ನಡೆದದ್ದನ್ನು ಹೇಳಿ, 640 ರೂಪಾಯಿ ಎಣಿಸಿಟ್ಟರು. ಅವರು ಬಹಳ ಹೊತ್ತು ಯಂತ್ರ ನೋಡಿ, "ಇದನ್ನ ತೊಗೊಳ್ಳಾಕ ನಮ್ಮ ಕಂಪ್ಯೂಟರ್‌ನ್ಯಾಗ ಕಾಲಮ್ಮ ಇಲ್ರಿ" ಎಂದು ಹಣ ತಿರುಗಿ ಕೊಟ್ಟರು. ಉಳಿದ ಪಾಯಿಂಟಿನ ಅರ್ಜಿಯನ್ನು ಮುಖ್ಯ ಕಚೇರಿಗೆ ಕಳಿಸಿದರು. ಇವರು ಅಷ್ಟಕ್ಕೇ ಹೊರಬೀಳಬಹುದಾಗಿತ್ತು. ಬೀಳಲಿಲ್ಲ. ಕೌಂಟರಿನ ಸಾಲಿನಲ್ಲಿ ನಿಂತು ತಮ್ಮ ಸರದಿ ಬಂದಾಗ ಆ ಹುಡುಗನಿಗೆ, "ತಮ್ಮಾ, ನಮ್ಮವ್ವ ತೀರಿಕೊಂಡಾಳೋ. ಅವತ್ತ ನಿನಗ ಸುಳ್ಳ ಹೇಳಿದೆ" ಎಂದರು. ಆ ಹುಡುಗ ಕೈಯಲ್ಲಿದ್ದ ಸಾಮಾನು ಕೆಳಗಿಟ್ಟ. "ಅಮ್ಮಾರು ಬಂದಾಗೆಲ್ಲ ಉಂಡಿಯೇನೋ ಅಂತ ಕೇಳ್ತಿದ್ರಿ" ಎಂದನಂತೆ. ಹಿಂದೆ ಸಾಲಿನಲ್ಲಿದ್ದವರು ಗದ್ದಲ ಮಾಡಲಿಲ್ಲ ಎಂದು ಆ ಭಕ್ತರು ನಮಗೆ ಬೇರೆಯಾಗಿ ಹೇಳಿದರು. ಅದೂ ದೊಡ್ಡದೇ.

ಹನ್ನೆರಡು ದಿನಕ್ಕೆ ಕಚೇರಿಯಿಂದ ಉತ್ತರ ಬಂತು. ನಿಯಮದಲ್ಲಿ ಹಾಗಿಲ್ಲ, ಆದರೂ ಕಾಗದಗಳು ಸರಿಯಿರುವುದರಿಂದ ಒಂದು ಸಲಕ್ಕೆ ಮಗಳ ನಂಬರಿಗೆ ವರ್ಗ ಮಾಡಿದ್ದೇವೆ ಎಂದು. 1,220 ಪಾಯಿಂಟು. ಹೋದ ಸೋಮವಾರ ಆ ಡಬ್ಬಿ ಮತ್ತೆ ಮಠಕ್ಕೆ ಬಂದಿತ್ತು, ತುಂಬ ಅಂಟಿನುಂಡಿ. ಉಂಡಿ ಇಲ್ಲಿ ಉಳಿಯಿತು, ಡಬ್ಬಿ ಅವರ ಮನೆಗೆ ಹೋಯಿತು. ತಂಗಿ ಪಾಯಿಂಟನ್ನು ಇನ್ನೂ ಮುಟ್ಟಿಲ್ಲವಂತೆ. ಅದಕ್ಕೂ ಅವಧಿ ಇದೆ ತಾಯೀ, ಬೇಗ ಏನಾದರೂ ಕೊಂಡುಕೋ ಎಂದು ಹೇಳಿ ಕಳಿಸಿದ್ದೇವೆ.

ಹೊತ್ತಾಯಿತು. ದಾಸೋಹದ ಮನೆಯಲ್ಲಿ ಎಲೆ ಹಾಕಿದ್ದಾರೆ. ಎಲ್ಲರೂ ಪ್ರಸಾದ ಸ್ವೀಕರಿಸಿ ಹೋಗಬೇಕು.